ವೇಕ್‌ಬೋರ್ಡ್‌ನಲ್ಲಿ ಡಬಲ್-ಅಪ್ ಹಾರುವ ಬಗೆ

ಬೋಟು ಹಗ್ಗದಿಂದ ಎಳೆಯುವಾಗ ಕಾಲಿಗೆ ಕಟ್ಟಿಕೊಂಡು ನೀರಿನ ಮೇಲೆ ಜಾರುವ ಹಲಗೆಯೇ ವೇಕ್‌ಬೋರ್ಡ್. ಬೋಟು ಅಗಲವಾದ ಸುತ್ತು ಹಾಕಿ ತಾನೇ ಎಬ್ಬಿಸಿದ ಅಲೆಗಳನ್ನು ಹೆಚ್ಚುಕಡಿಮೆ ಲಂಬವಾಗಿ ಅಡ್ಡಹಾಯ್ದಾಗ, ಹಳೆಯ ಅಲೆಯೂ ಹೊಸ ಅಲೆಯೂ ಕೂಡಿ ಕ್ಷಣಕಾಲ ಎದ್ದು ನಿಲ್ಲುವ ಕಡಿದಾದ ದಿಬ್ಬವೇ ಡಬಲ್-ಅಪ್. ಒಂದು ಬದಿಯ ಅಲೆಯಿಂದ ಇನ್ನೊಂದರಾಚೆಗೆ ಹಾರಿ ಸ್ಥಿರವಾಗಿ ಇಳಿಯಬಲ್ಲವರು ಮಾತ್ರ ಇದಕ್ಕೆ ಕೈಹಾಕಬೇಕು.

ಗೋವೆಯಲ್ಲಿ ನೆಲೆಸಿರುವ ನಮ್ಮ ಕನ್ನಡಿಗರು ಇದಕ್ಕೆ ಕಡಲಿಗಿಂತ ನದಿಯ ಶಾಂತ ಹಿನ್ನೀರನ್ನೂ, ಕಡಲಗಾಳಿ ಏಳುವ ಮುನ್ನಿನ ಬೆಳಗಿನ ಹೊತ್ತನ್ನೂ ಆರಿಸಿಕೊಳ್ಳುವುದು ಒಳ್ಳೆಯದು; ಮಾಂಡವಿ, ಜುವಾರಿಗಳಲ್ಲಿ ಅದಿರಿನ ಬಾರ್ಜುಗಳು ಸಾಗುವ ದಾರಿಯಂತೂ ಬೇಡವೇ ಬೇಡ. ಮಳೆಗಾಲದಲ್ಲಿ ಈ ಯೋಚನೆಯನ್ನೇ ಬಿಡಬೇಕು.

ಚಾಲಕರು ತಿರುವಿನಲ್ಲೂ ವೇಗವನ್ನು, ಅಂದರೆ ಗಂಟೆಗೆ ಸುಮಾರು 30ರಿಂದ 35 ಕಿ.ಮೀ.ಯನ್ನು, ಇಳಿಸಬಾರದು. ಹಗ್ಗ ಸಡಿಲವಾಗದಂತೆ ಅಲೆಯ ಹೊರಗೆ ಕಾಯುತ್ತಿರಿ. ಬೋಟು ದಾಟಿದ ಹಳೆಯ ಅಲೆ ನಿಮ್ಮತ್ತ ಜಾರಿ ಬರುವುದನ್ನು ಕಣ್ಣಿಟ್ಟು ನೋಡಿ, ಅದೂ ನೀವೂ ವೇಕ್‌ನ, ಅಂದರೆ ಬೋಟು ತನ್ನ ಹಿಂದೆ ಎಬ್ಬಿಸುವ ಅಲೆಯ, ಒಂದೇ ಜಾಗಕ್ಕೆ ಒಟ್ಟಿಗೆ ತಲುಪುವಂತೆ ಹಲಗೆಯ ಅಂಚನ್ನು ನಿಧಾನವಾಗಿ ಒತ್ತುತ್ತಾ ಒಳಬನ್ನಿ. ಕಲಿಕೆಯ ಜೀವಾಳವೇ ಈ ಹೊಂದಾಣಿಕೆ: ಬೇಗ ಬಂದರೆ ಬರಿಯ ತಗ್ಗು ಸಿಗುತ್ತದೆ, ತಡವಾದರೆ ದಿಬ್ಬ ಕುಸಿದಿರುತ್ತದೆ.

ದಿಬ್ಬದ ಮುಂದಿನ ಆಳವಾದ ತಗ್ಗಿನಲ್ಲಿ ಹಲಗೆ ಇಳಿದಾಗ ಮಂಡಿ ಮಡಚಿದ್ದರೂ ಅಂಚಿನ ಮೇಲಿನ ಒತ್ತಡವನ್ನು ಬಿಡಬೇಡಿ. ದಿಬ್ಬದ ನೆತ್ತಿಯನ್ನು ಮುಟ್ಟುವ ಹೊತ್ತಿಗೆ ಕಾಲನ್ನು ಗಟ್ಟಿಯಾಗಿ ಚಾಚಿ ನೆಟ್ಟಗೆ ನಿಲ್ಲಿ. ಹಿಡಿಕೆ ಸೊಂಟದ ಬಳಿಯೇ ಇರಲಿ, ಏಕೆಂದರೆ ತೋಳು ಮುಂದೆ ಚಾಚಿದೊಡನೆ ಹಗ್ಗ ಎದೆಯನ್ನು ಮುಂದಕ್ಕೆಳೆದು ಮುಖ ಅಡಿಯಾಗಿ ಬೀಳಿಸುತ್ತದೆ. ಮೊದಮೊದಲು ತಿರುಗು ಪಲ್ಟಿಗಳ ಆಸೆ ಬೇಡ, ನೇರ ಜಿಗಿತವೇ ಸಾಕು. ಇಳಿಯುವಾಗ ಮಂಡಿ ಸಡಿಲವಾಗಿರಲಿ. ಗಾಳಿಯಲ್ಲೇ ಸಮತೋಲ ತಪ್ಪಿದರೆ ಹಿಡಿಕೆಯನ್ನು ಕೂಡಲೇ ಬಿಟ್ಟುಬಿಡಿ. ಹೆಲ್ಮೆಟ್, ಲೈಫ್ ಜಾಕೆಟ್ ಮತ್ತು ಬೋಟಿನಲ್ಲಿ ನಿಮ್ಮನ್ನೇ ಗಮನಿಸುವ ಇನ್ನೊಬ್ಬರು ಇಲ್ಲದೆ ನೀರಿಗಿಳಿಯಬೇಡಿ.