ವಿಂಡೋಸ್ 11ಕ್ಕೆ ಬಂದ ಮೇಲೆ ಯುಎಸ್‌ಬಿ ಮೈಕಿನ ದನಿ ತಗ್ಗಿದಾಗ

ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರಿಂದಾಗಿ ಹಳೆಯ ಕಂಪ್ಯೂಟರನ್ನು 11ಕ್ಕೆ ಏರಿಸಿಕೊಂಡ ಅನೇಕರು ಇದೇ ತೊಂದರೆ ಹೇಳುತ್ತಾರೆ: ಅದೇ ಮೈಕು, ಅದೇ ಕೇಬಲ್, ಆದರೆ ರೆಕಾರ್ಡಿಂಗ್ ಕೇಳಿದರೆ ದನಿ ಬಾವಿಯೊಳಗಿಂದ ಬಂದಂತಿರುತ್ತದೆ. ನನ್ನ ಮೈಕನ್ನು ಸರಿಮಾಡಿಕೊಂಡ ಕ್ರಮ ಇಲ್ಲಿದೆ.

ಮೊದಲು ಅಳೆಯಬೇಕು. ದನಿ ಮುದ್ರಿಸುವ ಉಚಿತ ತಂತ್ರಾಂಶ ಆಡಾಸಿಟಿ ತೆರೆದು, ಮೈಕಿನಿಂದ ಒಂದು ಗೇಣು ದೂರ ಕೂತು, ಮಾಮೂಲಿ ದನಿಯಲ್ಲಿ ಅರ್ಧ ನಿಮಿಷ ಮಾತಾಡಿ. ಮೀಟರಿನ ಏರು −12ರಿಂದ −6 ಡೆಸಿಬಲ್ ನಡುವೆ ಮುಟ್ಟಬೇಕು. −30ರ ಆಸುಪಾಸಿನಲ್ಲೇ ನಿಂತರೆ ದನಿ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಆಮೇಲೆ ಆಂಪ್ಲಿಫೈ ಮಾಡಿದರಾಯಿತು ಎಂದುಕೊಳ್ಳಬೇಡಿ. 16 ಬಿಟ್ ರೆಕಾರ್ಡಿಂಗಿನಲ್ಲಿ (ಬಿಟ್ ಹೆಚ್ಚಿದಷ್ಟೂ ದನಿಯ ಸೂಕ್ಷ್ಮ ಉಳಿಯುತ್ತದೆ) ಪ್ರತಿ 6 ಡೆಸಿಬಲ್ ತಗ್ಗಿಗೆ ಒಂದು ಬಿಟ್ ವ್ಯರ್ಥ. −36ರಲ್ಲಿ ಮುದ್ರಿಸಿದರೆ ಆರು ಬಿಟ್ ಹೋಯಿತು. ಏರಿಸಿದಾಗ ಮೈಕಿನ ಒಳಗಿನ ಸುಯ್ ಶಬ್ದವೂ ಜೊತೆಗೇ ಎದ್ದು ಬರುತ್ತದೆ. ಸೋರಿದ ಕಡೆಯೇ ಮುಚ್ಚಬೇಕು.

ಸಾಮಾನ್ಯವಾಗಿ ಆಗಿರುವುದು ಇಷ್ಟು. ಮೈಕಿನ ವಾಲ್ಯೂಮ್ ಅನ್ನು ವಿಂಡೋಸ್ ಆಯಾ ಸಾಧನದ ಲೆಕ್ಕದಲ್ಲಿ ಬರೆದಿಟ್ಟುಕೊಂಡಿರುತ್ತದೆ. ಅಪ್‌ಗ್ರೇಡ್ ಆದ ಮೇಲೆ ಅದು ಮೈಕನ್ನು ಹೊಸದೆಂದು ಗುರುತಿಸಿದರೆ, ನೀವು ಹಿಂದೆ ಇಟ್ಟುಕೊಂಡ ಮಟ್ಟ ಹೋಗಿ ಮೂಲ ಮಟ್ಟವೇ ಮರಳುತ್ತದೆ. ಒಳಗೆ ಸೀರಿಯಲ್ ಸಂಖ್ಯೆ ಇಲ್ಲದ ಅಗ್ಗದ ಮೈಕುಗಳಲ್ಲಿ ಪೋರ್ಟ್ ಬದಲಿಸಿದರೂ ಹೀಗೇ ಆಗುತ್ತದೆ. ಪಟ್ಟಿಯಲ್ಲಿ ಮೈಕಿನ ಹೆಸರಿನ ಮುಂದೆ ‘2-’ ಅಂತ ಅಂಟಿಕೊಂಡಿದ್ದರೆ ಅದೇ ಗುರುತು. ಹಾಗಾಗಿ ಒಂದೇ ಪೋರ್ಟಿಗೆ ಕಾಯಂ ಆಗಿ ಚುಚ್ಚಿಡಿ. ಡೆಸ್ಕ್‌ಟಾಪ್ ಆದರೆ ಹಿಂಬದಿಯ ಪೋರ್ಟ್ ಒಳ್ಳೆಯದು, ಹಬ್ ಬೇಡ.

ಈಗ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್‌ಗೆ ಹೋಗಿ. ಇನ್‌ಪುಟ್ ಕೆಳಗೆ ನಿಮ್ಮ ಯುಎಸ್‌ಬಿ ಮೈಕೇ ಆಯ್ಕೆಯಾಗಿದೆಯೇ ನೋಡಿ. ಲ್ಯಾಪ್‌ಟಾಪಿನ ಒಳಮೈಕು ಆಯ್ಕೆಯಾಗಿದ್ದರೆ ಎದುರಿನ ಮೈಕಿಗೆ ಎಷ್ಟು ಮಾತಾಡಿದರೂ ಪ್ರಯೋಜನವಿಲ್ಲ. ಪತ್ತೆ ಮಾಡುವುದು ಸುಲಭ: ಮೈಕಿನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಗೀರಿ, ಇನ್‌ಪುಟ್ ಮಟ್ಟ ತೋರಿಸುವ ಪಟ್ಟಿ ನೆಗೆಯದಿದ್ದರೆ ಆಯ್ಕೆಯಾಗಿರುವುದು ಬೇರೆ ಮೈಕು.

ಮುಖ್ಯ ಕೆಲಸ ಹಳೆಯ ಸೌಂಡ್ ಕಿಟಕಿಯಲ್ಲಿದೆ. ಅದೇ ಪುಟದ ಕೆಳಗೆ ‘ಮೋರ್ ಸೌಂಡ್ ಸೆಟ್ಟಿಂಗ್ಸ್’ ಒತ್ತಿ, ರೆಕಾರ್ಡಿಂಗ್, ಮೈಕು, ಪ್ರಾಪರ್ಟೀಸ್, ಲೆವೆಲ್ಸ್. ಅಲ್ಲಿನ ಅಂಕೆಯ ಮೇಲೆ ಬಲ ಕ್ಲಿಕ್ ಮಾಡಿ ಶೇಕಡಾದಿಂದ ಡೆಸಿಬಲ್‌ಗೆ ಬದಲಿಸಿ. ಇದೊಂದು ಬಹಳ ಜನಕ್ಕೆ ಗೊತ್ತಿಲ್ಲ, ಆದರೆ ನಿಜಸ್ಥಿತಿ ತೋರಿಸುವುದು ಇದೇ. ಶೇಕಡಾ 50 ಎಂದರೆ ಅರ್ಧ ದನಿ ಅಲ್ಲ. ಎಲ್ಲಿಂದ ಎಲ್ಲಿವರೆಗೆ ಹೋಗಬಹುದು ಎಂಬುದನ್ನು ಮೈಕಿನ ಒಳಗೇ ಕೂರಿಸಿದ ತಂತ್ರಾಂಶ, ಅಂದರೆ ಫರ್ಮ್‌ವೇರ್, ಹೇಳುತ್ತದೆ, ಅದು ಮೈಕಿನಿಂದ ಮೈಕಿಗೆ ಬೇರೆ. ಸ್ಲೈಡರನ್ನು ಒಂದೊಂದೇ ಹೆಜ್ಜೆ ಏರಿಸಿ, ಪ್ರತಿ ಸಲ ಆಡಾಸಿಟಿ ಮೀಟರ್ ನೋಡಿ. ಪರೀಕ್ಷೆಗೆ ‘ಹಲೋ ಹಲೋ’ ಬೇಡ, ‘ಭಾರಿ ಭತ್ತದ ಫಸಲು ಬಂತು’ ಅನ್ನಿ. ಮಹಾಪ್ರಾಣಗಳ ಗಾಳಿ ಮೈಕಿಗೆ ಬಡಿದು ಏರು ಸೊನ್ನೆ (ಅದರಾಚೆ ದನಿ ಒಡೆಯುತ್ತದೆ) ಮುಟ್ಟುವಂತಿದ್ದರೆ 3 ಡೆಸಿಬಲ್ ಇಳಿಸಿ, ಇಲ್ಲವೇ ಮೈಕನ್ನು ತುಸು ಓರೆಗೆ ತಿರುಗಿಸಿ.

‘ಮೈಕ್ರೊಫೋನ್ ಬೂಸ್ಟ್’ ಎಂಬ ಎರಡನೇ ಸ್ಲೈಡರ್ ಕಾಣಲಿಲ್ಲವೆಂದು ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಹುಡುಕುತ್ತಾ ಕೂರಬೇಡಿ. ಅದು ಮದರ್‌ಬೋರ್ಡಿನ ಆಡಿಯೊ ಚಿಪ್ಪಿನದು. ಯುಎಸ್‌ಬಿ ಮೈಕುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕಮ್ಯುನಿಕೇಷನ್ಸ್ ಟ್ಯಾಬಿನಲ್ಲಿ ‘ಡೂ ನಥಿಂಗ್’ ಆರಿಸಿ ಎಂಬ ಸಲಹೆಯೂ ಎಲ್ಲೆಡೆ ಓಡಾಡುತ್ತದೆ. ಅದು ಕರೆ ಬಂದಾಗ ಉಳಿದ ಸದ್ದುಗಳನ್ನು ತಗ್ಗಿಸುವ ಸೆಟ್ಟಿಂಗ್, ಮೈಕಿಗೂ ಅದಕ್ಕೂ ಸಂಬಂಧವಿಲ್ಲ.

ಸ್ಲೈಡರ್ ತುದಿಗೆ ಹೋದರೂ ದನಿ ಸಾಲದಿದ್ದರೆ ಮೈಕಿನ ಮೈಯನ್ನೇ ನೋಡಿ. ಅದರ ಮೇಲಿನ ಗುಂಡಿ ಗೇನ್‌ನದೋ (ಮೈಕು ಹಿಡಿದ ದನಿಯನ್ನು ಏರಿಸುವ ಮಟ್ಟ) ಹೆಡ್‌ಫೋನ್ ವಾಲ್ಯೂಮಿನದೋ? ಎದುರಿನ ದನಿಯನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕಾದರೆ ಎದುರುಬದಿಗೆ ಮಾತಾಡುತ್ತಿದ್ದೀರಾ? ನಿಲ್ಲಿಸಿಡುವ ಬಹುಪಾಲು ಕಂಡೆನ್ಸರ್ ಮೈಕುಗಳು ಕೇಳಿಸಿಕೊಳ್ಳುವುದು ಪಕ್ಕದಿಂದ, ನೆತ್ತಿಯಿಂದಲ್ಲ. ದೂರ ಎರಡರಷ್ಟಾದರೆ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಎರಡು ಗೇಣಿನಿಂದ ಒಂದು ಗೇಣಿಗೆ ಬಂದರೆ ಅಷ್ಟು ಪುಕ್ಕಟೆ ಸಿಕ್ಕಿತು.

ಇದಕ್ಕೂ ಜಗ್ಗದಿದ್ದರೆ ಮಾತ್ರ ಡ್ರೈವರ್. ಡಿವೈಸ್ ಮ್ಯಾನೇಜರ್ ತೆರೆದು ‘ಸೌಂಡ್, ವಿಡಿಯೊ ಅಂಡ್ ಗೇಮ್ ಕಂಟ್ರೋಲರ್ಸ್’ ಕೆಳಗಿನ ಮೈಕನ್ನು ಅನ್‌ಇನ್‌ಸ್ಟಾಲ್ ಮಾಡಿ, ಮೈಕು ಕಿತ್ತು, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಮತ್ತೆ ಚುಚ್ಚಿ. ವಿಂಡೋಸಿನ ಸ್ವಂತ ಯುಎಸ್‌ಬಿ ಆಡಿಯೊ ಡ್ರೈವರ್ ತಾನೇ ಕೂರುತ್ತದೆ. ಮಟ್ಟ ಮತ್ತೆ ಮೂಲಕ್ಕೆ ಹೋಗಿರುತ್ತದೆ, ಲೆವೆಲ್ಸ್ ಹೊಸದಾಗಿ ಇಡಬೇಕು.

ರೆಕಾರ್ಡಿಂಗ್ ಸರಿಯಿದ್ದು ಮೀಟಿಂಗಿನಲ್ಲಿ ಮಾತ್ರ ದನಿ ಸಣ್ಣಗಾದರೆ ತಪ್ಪು ಬೇರೆ ಕಡೆ ಇದೆ. ಮೀಟಿಂಗ್ ಆ್ಯಪ್‌ಗಳಿಗೆ ಮೈಕ್ ವಾಲ್ಯೂಮನ್ನು ತಾವೇ ಹೊಂದಿಸುವ ಸೌಲಭ್ಯ ಇರುತ್ತದೆ. ನೀವು ಒಮ್ಮೆ ಗಟ್ಟಿಯಾಗಿ ನಕ್ಕರೆ ಅದು ಸ್ಲೈಡರ್ ಕೆಳಗಿಳಿಸುತ್ತದೆ, ಕೆಲವೊಮ್ಮೆ ಕರೆ ಮುಗಿದ ಮೇಲೂ ಅಲ್ಲೇ ಬಿಡುತ್ತದೆ. ಆ್ಯಪಿನ ಆಡಿಯೊ ಸೆಟ್ಟಿಂಗಿನಲ್ಲಿ ಆ ಟಿಕ್ ತೆಗೆಯಿರಿ. ಆಮೇಲೆ ಲೆವೆಲ್ಸ್ ಕಿಟಕಿಯನ್ನು ತೆರೆದಿಟ್ಟುಕೊಂಡೇ ಎರಡು ನಿಮಿಷ ಕರೆಯಲ್ಲಿರಿ, ಅಂಕೆ ಅಲುಗಾಡದಿದ್ದರೆ ಕಿಟಕಿ ಮುಚ್ಚಬಹುದು.