‘ರನ್’ ಪದದ ಅರ್ಥ ಹಿಡಿಯೋದು ಹೇಗೆ?

ದಾವಣಗೆರೆಯಲ್ಲಿ ನನ್ನ ಹತ್ತಿರ ಇಂಗ್ಲಿಷ್ ಟ್ಯೂಷನ್‌ಗೆ ಬರುವವರಲ್ಲಿ ನರ್ಸಿಂಗ್ ಓದುವವರೇ ಜಾಸ್ತಿ. ‘ರನ್’ ಅಂದರೆ ಫ್ಲೋ, ಮ್ಯಾನೇಜ್, ಆಪರೇಟ್ ಅಂತ ಉರು ಹೊಡೆದುಕೊಂಡೇ ಬಂದಿರುತ್ತಾರೆ. ಆ ಪಟ್ಟಿ ಮೊದಲು ಮುಚ್ಚಿಡಿ. ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟಿನಲ್ಲಿ ಕ್ರಿಯಾಪದ ‘ರನ್’ ಒಂದಕ್ಕೇ 645 ಅರ್ಥಗಳಿವೆ. ಬಾಯಿಪಾಠಕ್ಕೆ ಬಗ್ಗುವ ಪದ ಅಲ್ಲ ಅದು.

‘ರನ್’ ಆಗುತ್ತಿರುವುದು ಏನು ಅಂತ ಮೊದಲು ನೋಡಿ. ಮನುಷ್ಯರು ಓಡುತ್ತಾರೆ. ಮಿಷನ್ ನಡೆಯುತ್ತದೆ, ಅಲ್ಲಿ ‘ವರ್ಕ್’ ಹೊಂದುತ್ತದೆ. ಬಟ್ಟೆಯ ಬಣ್ಣವಾದರೆ ಬಿಡುತ್ತದೆ.

ಆಮೇಲೆ ಮುಂದಿನ ಪದ ನೋಡಿ. ನಮ್ಮ ಭದ್ರಾ ಕಾಲುವೆಯನ್ನೇ ತಗೊಳ್ಳಿ. ‘ವಾಟರ್ ಈಸ್ ರನ್ನಿಂಗ್ ಇನ್ ದ ಕೆನಾಲ್’ ಅಂದರೆ ನೀರು ಹರಿಯುತ್ತಿದೆ. ‘ದ ಕೆನಾಲ್ ರನ್ಸ್ ಪಾಸ್ಟ್ ಅವರ್ ಫೀಲ್ಡ್’ ಅಂದರೆ ಕಾಲುವೆ ನಮ್ಮ ಹೊಲದ ಪಕ್ಕ ಹಾದುಹೋಗುತ್ತದೆ. ಅದರಲ್ಲಿ ಹನಿ ನೀರಿಲ್ಲದಿದ್ದರೂ ಈ ವಾಕ್ಯ ಸರಿಯೇ. ‘ದ ಕೆನಾಲ್ ರ್ಯಾನ್ ಡ್ರೈ’ ಅಂದರೆ ಬತ್ತಿಹೋಯಿತು. ಕಾಲುವೆ ಒಂದೇ, ‘ರನ್’ ಮೂರು ಥರ. ಇದು ನನಗೆ ತುಂಬಾ ಇಷ್ಟದ ಪಾಠ.

ಇನ್ನು ಸಮಾನಾರ್ಥಕ ಪದ. ‘ರನ್’ ತೆಗೆದು ಅದನ್ನು ಹಾಕಿ, ಇಡೀ ವಾಕ್ಯ ಜೋರಾಗಿ ಓದಿ. ‘ಶಿ ರನ್ಸ್ ಎ ದೋಸೆ ಹೋಟೆಲ್’ ಅನ್ನುವಲ್ಲಿ ‘ಮ್ಯಾನೇಜಸ್’ ನಡೆಯುತ್ತದೆ. ‘ಓನ್ಸ್’ ಹಾಕಬೇಡಿ. ಹೋಟೆಲ್ ನಡೆಸುವವರೆಲ್ಲ ಅದರ ಮಾಲೀಕರೇ ಆಗಿರಬೇಕಿಲ್ಲ, ಅಲ್ವಾ? ನರ್ಸಿಂಗ್ ಮಕ್ಕಳು ಇಲ್ಲಿ ಇನ್ನೂ ಹುಷಾರಾಗಿರಬೇಕು. ‘ದ ಪೇಷೆಂಟ್ ಈಸ್ ರನ್ನಿಂಗ್ ಎ ಫೀವರ್’ ಅಂದರೆ ರೋಗಿಗೆ ಜ್ವರ ಇದೆ. ‘ಮ್ಯಾನೇಜಿಂಗ್’ ಅಂತ ಬದಲಿಸಿದರೆ ಜ್ವರ ನೋಡಿಕೊಳ್ಳುತ್ತಿದ್ದಾರೆ ಅಂತಾಗುತ್ತದೆ. ಅದು ನಿಮ್ಮ ಕೆಲಸ, ರೋಗಿಯದಲ್ಲ. ಇಲ್ಲಿ ಸುಮ್ನೆ ‘ಹ್ಯಾಸ್ ಎ ಫೀವರ್’ ಅನ್ನಿ, ಸಾಕು.

‘ರನ್ ಇನ್‌ಟು’, ‘ರನ್ ಓವರ್’ ಥರದವನ್ನು ಬಿಡಿಸಬೇಡಿ, ಇಡಿಯಾಗಿಯೇ ಕಲಿಯಿರಿ. ಹಳೇ ಗೆಳತಿ ದಾರಿಯಲ್ಲಿ ಅಚಾನಕ್ ಸಿಕ್ಕರೆ ‘ರ್ಯಾನ್ ಇನ್‌ಟು’. ‘ರ್ಯಾನ್ ಓವರ್’ ಅಂದರೆ ಗಾಡಿ ಮೈಮೇಲೆ ಹರಿಯಿತು. ಬೆಣ್ಣೆ ಖಾಲಿಯಾದರೆ ‘ವಿ ರ್ಯಾನ್ ಔಟ್ ಆಫ್ ಬಟರ್’. ಆ ‘ಆಫ್’ ಬಿಡಬೇಡಿ.

ಕೊನೆಗೆ ರೂಪಗಳು: ರನ್, ರ್ಯಾನ್, ರನ್. ‘ಹ್ಯಾವ್’ ಬಂದರೆ ಮತ್ತೆ ‘ರನ್’ ಆಗಬೇಕು. ‘ವಿ ಹ್ಯಾವ್ ರನ್ ಔಟ್ ಆಫ್ ಬಟರ್’ ಸರಿ, ‘ಹ್ಯಾವ್ ರ್ಯಾನ್’ ತಪ್ಪು. ಪರೀಕ್ಷೆಯಲ್ಲಿ ಜಾಸ್ತಿ ಮಾರ್ಕ್ಸ್ ಹೋಗುವುದು ಇಲ್ಲೇ.