ಲೀಗ್ ಬದಲಾಯಿಸೋ ಮುಂಚೆ ಹಳೇ ಅಗ್ರಿಮೆಂಟಿಂದ ಬಿಡಿಸ್ಕೊಳ್ಳೋದು ಹೇಗೆ

ಹಾಕಿ ಆಡೋ ಹುಡುಗ್ರಿಗೆ ಈಗ ಕೈಗೆ ಒಂದಿಷ್ಟು ಕಾಸು ಸಿಗ್ತಿದೆ, ಸಂತೋಷ. 2017ರ ಸೀಸನ್ ಆದ್ಮೇಲೆ ನಿಂತೋಗಿದ್ದ ಹಾಕಿ ಇಂಡಿಯಾ ಲೀಗ್ 2024ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಯ್ತು, ಹರಾಜಲ್ಲಿ ಹರ್ಮನ್‌ಪ್ರೀತ್ ಸಿಂಗ್ 78 ಲಕ್ಷಕ್ಕೆ ಹೋದ್ರು, ಅದನ್ನ ನೋಡಿ ಸಣ್ಣಪುಟ್ಟ ಟೂರ್ನಿ ನಡೆಸೋರೂ ತಮ್ಮದೂ ಒಂದು ಲೀಗು ಅಂತ ಅಗ್ರಿಮೆಂಟ್ ಹಿಡ್ಕೊಂಡು ಓಡಾಡೋಕೆ ಶುರು ಮಾಡಿದಾರೆ. ಮೈಸೂರಿನ ಚಾಮುಂಡಿ ವಿಹಾರ ಸ್ಟೇಡಿಯಂ ಕಡೆ ಕಿಟ್ ಬ್ಯಾಗ್ ಹಾಕ್ಕೊಂಡು ಹೋಗೋ ಯಾವ ಹುಡುಗನ್ನ ಕೇಳಿ, ಫೋನಲ್ಲಿ ಒಂದು ಪಿಡಿಎಫ್ ಇದ್ದೇ ಇರುತ್ತೆ, ಅವನು ಅದನ್ನ ಓದಿರಲ್ಲ. ತೊಂದ್ರೆ ಏನಂದ್ರೆ ನಮ್ಮ ಆಫೀಸಿಗೆ ಇವ್ರು ಬರೋದು ಎರಡೂ ಕಡೆ ಸೈನ್ ಹಾಕಾದ್ಮೇಲೆ, ಅಷ್ಟೊತ್ತಿಗೆ ಒಂದು ಕಡೆಯಿಂದ ಲೀಗಲ್ ನೋಟಿಸ್ ಬಂದಿರುತ್ತೆ, ಇನ್ನೊಂದು ಕಡೆ ಅಡ್ವಾನ್ಸ್ ದುಡ್ಡು ಖರ್ಚಾಗಿರುತ್ತೆ. ಅದಕ್ಕೇ ಇದನ್ನ ಬರೀತಿರೋದು.

ಮೊದಲನೇದು, ಪೂರ್ತಿ ಅಗ್ರಿಮೆಂಟ್ ಕೈಗೆ ತಗೊಳ್ಳಿ. ಪೂರ್ತಿ ಅಂದ್ರೆ ಎಲ್ಲಾ ಪೇಜು, ಎರಡೂ ಕಡೆಯವ್ರ ಸೈನು, ಕೊನೇಲಿ ಅಂಟಿಸಿರೋ ಅನುಬಂಧಗಳೂ ಸೇರಿ. ಕುಶಾಲನಗರದ ಕಡೆ ಹುಡುಗ ಒಬ್ಬ ಬಂದಿದ್ದ, ಗ್ಲಾಸ್ ಒಡೆದ ಫೋನಲ್ಲಿ ಎರಡು ಬೆರಳಲ್ಲಿ ಜೂಮ್ ಮಾಡಿ ಮಾಡಿ ತೋರಿಸ್ತಿದ್ದ, ಆರನೇ ಪೇಜ್ ಆದ್ಮೇಲೆ ಸೀದಾ ಎಂಟು. "ಏಳು ಎಲ್ಲಪ್ಪಾ?" ಅಂದ್ರೆ "ಅವ್ರು ಕಳ್ಸಿದ್ದೇ ಇಷ್ಟು ಸಾರ್" ಅಂದ. ಆ ಏಳನೇ ಪೇಜಲ್ಲೇ ಅವಧಿ ವಿಸ್ತರಣೆ ಷರತ್ತು ಇತ್ತು, ಟೀಮಿಗೆ ಇಮೇಲ್ ಹಾಕಿ ತರಿಸಿ ನೋಡಿದ್ಮೇಲೆ ಗೊತ್ತಾಯ್ತು. ಫ್ರೀ ಸ್ಕ್ಯಾನರ್ ಆ್ಯಪ್‌ಗಳನ್ನ ನಂಬ್ಬೇಡಿ, ಪೇಜಿನ ನಡುವೆ ತನ್ನ ಹೆಸರು ಒತ್ತಿ ಅದರ ಕೆಳಗಿನ ಅಕ್ಷರಾನೇ ಮುಚ್ಚಾಕುತ್ತೆ. ಜೆರಾಕ್ಸ್ ಅಂಗಡೀಲಿ ಪ್ರಿಂಟ್ ತೆಗೆಸಿ, ಪೆನ್ ಹಿಡ್ಕೊಂಡು ಓದಿ. ಚಾಟ್‌ಬಾಟ್‌ಗೆ ಹಾಕಿ "ಸಾರಾಂಶ ಹೇಳು" ಅನ್ನೋ ಶಾರ್ಟ್‌ಕಟ್ ಈಗ ಎಲ್ರಿಗೂ ಗೊತ್ತು. ಸಾರಾಂಶದಲ್ಲಿ ದುಡ್ಡಿನ ವಿಷ್ಯ ಚೆನ್ನಾಗಿ ಬರುತ್ತೆ, ನಿಮ್ಮನ್ನ ಕಟ್ಟಿಹಾಕೋ ಅರ್ಧ ಸಾಲು ಬಿಟ್ಟುಹೋಗುತ್ತೆ, ಹಾಗಾಗಿ ನನಗೆ ಅದು ಬೇಡವೇ ಬೇಡ.

ಎರಡನೇದು ಸುಲಭ. ನೀವು ಸೈನ್ ಮಾಡಿರೋದು ಯಾರ ಜೊತೆ ನೋಡಿ, ಜರ್ಸಿ ಮೇಲಿನ ಟೀಮ್ ಹೆಸರಲ್ಲ, ಅಗ್ರಿಮೆಂಟಲ್ಲಿರೋ ಕಂಪನಿ ಹೆಸರು. ಸೈನ್ ಮಾಡಿದ ದಿನ ನಿಮಗೆ 18 ತುಂಬಿತ್ತಾ ಅನ್ನೋದನ್ನೂ ನೋಡಿ. ನಮ್ಮ ಕಾಂಟ್ರಾಕ್ಟ್ ಕಾಯ್ದೆ ಪ್ರಕಾರ 18 ಆಗದೇ ಇರೋರು ಮಾಡ್ಕೊಂಡ ಕರಾರು ನಿಲ್ಲಲ್ಲ, ಹಾಸ್ಟೆಲ್ ಹುಡುಗ್ರಲ್ಲಿ ಎಷ್ಟೋ ಜನರ ಕೇಸ್ ಇಲ್ಲೇ ಮುಗ್ದೋಗುತ್ತೆ.

ಮೂರನೇದು, ಎಲ್ರೂ ಎಡವೋದು ಇಲ್ಲೇ, ಈ ಅಗ್ರಿಮೆಂಟ್ ಯಾವಾಗ ಮುಗಿಯುತ್ತೆ ಅಂತ ಕಂಡುಹಿಡಿಯೋದು. ಅಯ್ಯೋ ಅದೇನು ಮಹಾ, ಡೇಟ್ ಹಾಕಿರ್ತಾರಲ್ಲ ಅಂತೀರ. ಡೇಟ್ ಹಾಕಿರ್ತಾರೆ ನಿಜ, ಅದರ ಕೆಳಗಿನ ಸಾಲಲ್ಲಿ ಆ ಡೇಟನ್ನ ಮುಂದಕ್ಕೆ ತಳ್ಳೋ ಹಕ್ಕನ್ನ ತಾವೇ ಇಟ್ಕೊಂಡಿರ್ತಾರೆ. "ಒಂದು ಸೀಸನ್, ಫ್ರಾಂಚೈಸಿ ಬಯಸಿದಲ್ಲಿ ಅದೇ ಷರತ್ತುಗಳ ಮೇಲೆ ಇನ್ನೊಂದು ಸೀಸನ್" ಅಂತ ಇದ್ರೆ ಅದು ನಿಮ್ಮ ಪಾಲಿಗೆ ಎರಡು ಸೀಸನ್ನೇ, ಟೀಮಿನ ಪಾಲಿಗೆ ಮಾತ್ರ ಒಂದು. ಬಯಸೋರು ಯಾರು ಅಂತ ಮೊದ್ಲು ನೋಡಿ. ಎಷ್ಟು ದಿನದೊಳಗೆ ತಿಳಿಸ್ಬೇಕು, ಬರವಣಿಗೇಲಿ ತಿಳಿಸ್ಬೇಕಾ, ಎಷ್ಟು ಸಲ ವಿಸ್ತರಿಸ್ಬೋದು ಅಂತಾನೂ ಹುಡುಕಿ. ಎಷ್ಟು ಸಲ ಅಂತ ಬರ್ದಿಲ್ಲ ಅಂದ್ರೆ ಅಲ್ಲಿ ಕೆಂಪು ಪೆನ್ನಲ್ಲಿ ಗೆರೆ ಎಳೀರಿ.

ಈ ವಿಸ್ತರಣೆ ಷರತ್ತಿನ ದೊಡ್ಡ ಜಗಳ ನಡೆದಿದ್ದು ಅಮೆರಿಕ, ಕೆನಡಾದ ಐಸ್ ಹಾಕೀಲಿ. ನಮ್ಮ ಹಾಕಿ ಬೇರೆ, ಅದು ಬೇರೆ, ಆದ್ರೆ ಲೀಗ್‌ಗಳ ಕಿತ್ತಾಟ ಕಲಿಬೇಕು ಅಂದ್ರೆ ಅಲ್ಲಿಗೇ ಹೋಗ್ಬೇಕು. ಅಲ್ಲಿನ ಹಳೇ ಲೀಗ್ ಎನ್‌ಎಚ್‌ಎಲ್, ಅದರ ಅಗ್ರಿಮೆಂಟಲ್ಲಿ ಒಂದು ಷರತ್ತು, ಕರಾರು ಮುಗಿದ್ರೂ ಆಟಗಾರ ಅದೇ ಕ್ಲಬ್ಬಿನ ಲೆಕ್ಕದಲ್ಲೇ ಇರ್ತಾನೆ ಅಂತ. 1972ರಲ್ಲಿ ಡಬ್ಲ್ಯುಎಚ್‌ಎ ಅಂತ ಎದುರಾಳಿ ಲೀಗ್ ಶುರುವಾಗಿ ಶಿಕಾಗೋದ ಬಾಬಿ ಹಲ್‌ನಂಥ ಸ್ಟಾರನ್ನೇ ವಿನ್ನಿಪೆಗ್‌ಗೆ ಎಳ್ಕೊಂಡಾಗ ಎನ್‌ಎಚ್‌ಎಲ್‌ನೋರು ಕೋರ್ಟಿಗೆ ಓಡಿದ್ರು. ಆ ವರ್ಷ ನವೆಂಬರ್‌ನಲ್ಲಿ ಫಿಲಡೆಲ್ಫಿಯಾದ ಜಡ್ಜ್ ಲಿಯಾನ್ ಹಿಗಿನ್‌ಬಾಟಮ್ ಈ ಷರತ್ತು ತೋರಿಸಿ ಆಟಗಾರರನ್ನ ತಡೀಬೇಡಿ ಅಂತ ಎನ್‌ಎಚ್‌ಎಲ್‌ಗೇ ತಡೆಯಾಜ್ಞೆ ಕೊಟ್ರು. ಎರಡು ಲೀಗ್ ಪೈಪೋಟಿ ಏಳು ವರ್ಷ ನಡೀತು, 1979ರಲ್ಲಿ ಡಬ್ಲ್ಯುಎಚ್‌ಎ ಮುಚ್ಚಿ ಅದರ ನಾಲ್ಕು ಟೀಮ್ ಎನ್‌ಎಚ್‌ಎಲ್ ಸೇರ್ಕೊಂಡ್ವು.

ಇಲ್ಲಿ ನಮ್ಮ ಕಾನೂನು ಏನನ್ನುತ್ತೆ? ಎರಡು ಭಾಗ ಮಾಡ್ಕೊಳ್ಳಿ, ಅವಧಿ ಒಳಗೆ, ಅವಧಿ ಆದ್ಮೇಲೆ. ಅವಧಿ ಒಳಗೆ "ಬೇರೆ ಲೀಗಲ್ಲಿ ಆಡ್ಬಾರ್ದು" ಅನ್ನೋ ಷರತ್ತು ಸಾಮಾನ್ಯವಾಗಿ ನಿಲ್ಲುತ್ತೆ. ಅವಧಿ ಮುಗಿದ್ಮೇಲೂ ಕೈ ಕಟ್ಟಿಹಾಕಿದ್ರೆ 1872ರ ಕಾಂಟ್ರಾಕ್ಟ್ ಕಾಯ್ದೆ 27ನೇ ಸೆಕ್ಷನ್ ಪ್ರಕಾರ ಅದು ನಿಲ್ಲಲ್ಲ. ಕ್ರಿಕೆಟರ್ ಜಹೀರ್ ಖಾನ್ ಕೇಸೇ ಇದೆಯಲ್ಲ, ಮೂರು ವರ್ಷದ ಕರಾರು ಮುಗಿದ್ಮೇಲೂ "ಬೇರೆಯವ್ರು ಕೊಟ್ಟ ಆಫರ್ ಮೊದ್ಲು ನಮಗೆ ತೋರಿಸ್ಬೇಕು, ನಾವು ಅಷ್ಟೇ ಕೊಟ್ರೆ ನಮ್ಮ ಜೊತೆನೇ ಇರ್ಬೇಕು" ಅಂತ ಅವರ ಜಾಹೀರಾತು ವ್ಯವಹಾರ ನೋಡ್ಕೋತಿದ್ದ ಪರ್ಸೆಪ್ಟ್ ಡಿಮಾರ್ಕ್ ಕಂಪನಿ ಹಿಡ್ಕೊಂಡಿತ್ತು, 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಹುಡುಗ್ರು ಇದನ್ನ ಅರ್ಧ ಕೇಳಿಸ್ಕೊಂಡು "ಸಾರ್, ಹಂಗಾದ್ರೆ ಅಗ್ರಿಮೆಂಟೇ ವೇಸ್ಟು, ಯಾವಾಗ ಬೇಕಾದ್ರೂ ಹೋಗ್ಬೋದು" ಅಂತಾರೆ. ಇಲ್ಲಪ್ಪಾ, ಅವಧಿ ಒಳಗೆ ಹೋದ್ರೆ ಸಿಕ್ಕಾಕೊಳ್ತೀಯ.

ಅವಧಿ ಮಧ್ಯದಲ್ಲೇ ಹೋಗ್ಬೇಕು ಅಂದ್ರೆ ಬಾಗಿಲು ಎಲ್ಲಿದೆ ನೋಡಿ, ಸಾಮಾನ್ಯವಾಗಿ ನೋಟಿಸ್ ಷರತ್ತಲ್ಲಿ ಇರುತ್ತೆ. ರಷ್ಯಾದ ಐಸ್ ಹಾಕಿ ಆಟಗಾರ ಎವ್ಗೆನಿ ಮಾಲ್ಕಿನ್ ಇದಕ್ಕೆ ಒಳ್ಳೇ ಉದಾಹರಣೆ. 2006ರಲ್ಲಿ ಮ್ಯಾಗ್ನಿಟೋಗೋರ್ಸ್ಕ್ ಕ್ಲಬ್ ಜೊತೆ ಒಂದು ವರ್ಷಕ್ಕೆ ಸೈನ್ ಮಾಡಿದ್ದ, ಅದೂ ಒತ್ತಡದಲ್ಲಿ, ಆಮೇಲೆ ಟೀಮ್ ಹೆಲ್ಸಿಂಕಿಗೆ ಹೋದಾಗ ಅಲ್ಲಿಂದ ತಪ್ಪಿಸ್ಕೊಂಡು, ರಷ್ಯಾದ ಕಾರ್ಮಿಕ ಕಾನೂನಲ್ಲಿರೋ ಎರಡು ವಾರದ ನೋಟಿಸ್ ಕಳ್ಸಿ ಎನ್‌ಎಚ್‌ಎಲ್‌ನ ಪಿಟ್ಸ್‌ಬರ್ಗ್ ಟೀಮ್ ಸೇರ್ಕೊಂಡ. ಕ್ಲಬ್ ನ್ಯೂಯಾರ್ಕ್ ಕೋರ್ಟಿಗೆ ಹೋಯ್ತು, ತಡೆಯಾಜ್ಞೆ ಸಿಗಲಿಲ್ಲ. ಓಡಿಹೋಗಿದ್ದು ಸಿನಿಮಾ ಥರ ಇದೆ ನಿಜ, ಅವನನ್ನ ಕಾಪಾಡಿದ ಕಾಗದ ಆ ನೋಟಿಸು.

ಅಲೆಕ್ಸಾಂಡರ್ ರಾಡುಲೋವ್ ಕಥೆ ಉಲ್ಟಾ. 2008ರಲ್ಲಿ ಎನ್‌ಎಚ್‌ಎಲ್‌ನ ನ್ಯಾಶ್‌ವಿಲ್ ಟೀಮ್ ಜೊತೆ ಇನ್ನೊಂದು ವರ್ಷ ಬಾಕಿ ಇರೋವಾಗ್ಲೇ ಹೊಸದಾಗಿ ಶುರುವಾದ ರಷ್ಯಾದ ಲೀಗ್ ಕೆಎಚ್‌ಎಲ್‌ಗೆ ಹೋದ. ಪರಸ್ಪರ ಕರಾರುಗಳಿಗೆ ಮರ್ಯಾದೆ ಕೊಡೋಣ ಅಂತ ಎರಡು ಲೀಗ್ ಮಾತಾಡ್ಕೊಂಡಿದ್ದ ಸಮಯದಲ್ಲೇ ಇದು ಹೊರಗೆ ಬಂತು, ರಷ್ಯಾದ ಕ್ಲಬ್ಬಿನೋರು ಆ ಒಪ್ಪಂದಕ್ಕೆ ಮುಂಚೇನೇ ಸೈನ್ ಆಗಿತ್ತು ಅಂದ್ರು. ನ್ಯಾಶ್‌ವಿಲ್ ಅವನನ್ನ ಸಸ್ಪೆಂಡ್ ಮಾಡ್ತು, ಆ ಬಾಕಿ ವರ್ಷ ಹಾಗೇ ಅವನ ತಲೆ ಮೇಲೆ ಕೂತಿತ್ತು, 2012ರ ಮಾರ್ಚ್‌ನಲ್ಲಿ ವಾಪಸ್ ಬಂದು ಆಡ್ದಾಗ್ಲೇ ಅದು ತೀರಿದ್ದು. ಇಲ್ಯಾ ಕೊವಾಲ್ಚುಕ್ 2013ರಲ್ಲಿ ಬೇರೆ ದಾರಿ ಹಿಡಿದ, ಎನ್‌ಎಚ್‌ಎಲ್‌ನಿಂದ ನಿವೃತ್ತಿ ಅಂತ ಅಧಿಕೃತವಾಗಿ ಬರ್ಕೊಟ್ಟು, ಬರ್ಬೇಕಿದ್ದ ಸುಮಾರು 7.7 ಕೋಟಿ ಡಾಲರ್ ಕೈಬಿಟ್ಟು ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದ. ದುಬಾರಿ ದಾರಿ, ಆದ್ರೆ ಕಾಗದ ಕ್ಲೀನು. ನನ್ನನ್ನ ಕೇಳಿದ್ರೆ ದುಡ್ಡು ಸ್ವಲ್ಪ ಬಿಟ್ಟಾದ್ರೂ ಇಬ್ರೂ ಸೈನ್ ಹಾಕಿದ ಬಿಡುಗಡೆ ಪತ್ರ ತಗೊಳ್ಳಿ ಅಂತೀನಿ. ಮ್ಯಾನೇಜರ್ ವಾಟ್ಸಾಪಲ್ಲಿ ಹಾಕಿದ "ಓಕೆ ಬ್ರೋ, ಆಲ್ ದ ಬೆಸ್ಟ್" ಬಿಡುಗಡೆ ಪತ್ರ ಅಲ್ಲ. ಆದ್ರೂ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ಏನೂ ಇಲ್ದೇ ಇರೋದಕ್ಕಿಂತ ವಾಸಿ.

ನಾಲ್ಕನೇದು, ಹೆದರಿಕೆ ಎಷ್ಟು ನಿಜ ಅಂತ ಅಳೆಯೋದು. ನೋಟಿಸಲ್ಲಿ "ನಮ್ಮ ಟೀಮಲ್ಲೇ ಆಡೋ ಹಾಗೆ ಆದೇಶ ತರ್ತೀವಿ" ಅಂತಿದ್ರೆ ನಗ್ಬೋದು, ಇಂಥ ವೈಯಕ್ತಿಕ ಸೇವೆಯ ಕರಾರನ್ನ ಕೋರ್ಟು ಬಲವಂತವಾಗಿ ಮಾಡಿಸಲ್ಲ. "ಬೇರೆ ಕಡೆ ಆಡದ ಹಾಗೆ ತಡೆಯಾಜ್ಞೆ ತರ್ತೀವಿ" ಅಂತಿದ್ರೆ ನಗ್ಬೇಡಿ, ಅವಧಿ ಒಳಗೆ ಅದು ಸಿಗೋ ಸಾಧ್ಯತೆ ಇದೆ. "10 ಲಕ್ಷ ದಂಡ ಕಟ್ಟು" ಅಂತಿದ್ರೆ 74ನೇ ಸೆಕ್ಷನ್ ನೆನಪಿಟ್ಕೊಳ್ಳಿ, ಬರ್ದಿರೋ ಮೊತ್ತ ಮೇಲಿನ ಮಿತಿ ಅಷ್ಟೇ, ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟೇ ಕೊಡಿಸ್ತಾರೆ.

ಐದನೇದು ಫೆಡರೇಶನ್. ಟೀಮ್ ಬಿಟ್ರೂ ಫೆಡರೇಶನ್ ಬಿಡ್ಬೇಕಲ್ಲ! 2012ರ ಫೆಬ್ರವರಿ 29ಕ್ಕೆ ವರ್ಲ್ಡ್ ಸೀರೀಸ್ ಹಾಕಿ ಶುರುವಾಯ್ತು, ನಿಂಬಸ್ ಕಂಪನಿ ಮತ್ತು ಇಂಡಿಯನ್ ಹಾಕಿ ಫೆಡರೇಶನ್, ಅಂದ್ರೆ ಐಎಚ್‌ಎಫ್ ಸೇರಿ ನಡೆಸಿದ್ದು, ಎಂಟು ಟೀಮು, ನಮ್ಮ ಕಡೆಯದು ಕರ್ನಾಟಕ ಲಯನ್ಸ್, ಅರ್ಜುನ್ ಹಾಲಪ್ಪ ಕ್ಯಾಪ್ಟನ್. ಆದ್ರೆ ಅಂತರರಾಷ್ಟ್ರೀಯ ಫೆಡರೇಶನ್ ಎಫ್‌ಐಎಚ್ ಗುರುತಿಸಿದ್ದು ಐಎಚ್‌ಎಫ್‌ನಲ್ಲ, ಹಾಕಿ ಇಂಡಿಯಾನ, ಈ ಲೀಗ್‌ಗೆ ಮಾನ್ಯತೆ ಇರಲಿಲ್ಲ, ಮಾನ್ಯತೆ ಇಲ್ಲದ ಕಡೆ ಆಡೋರನ್ನ ತಡೆಯೋ ನಿಯಮಾನೇ ಎಫ್‌ಐಎಚ್ ಹತ್ರ ಇತ್ತು. ಧನರಾಜ್ ಪಿಳ್ಳೈ ಮತ್ತೆ ಬೇರೆ ಮಾಜಿ ಆಟಗಾರರು ಇದು ಏಕಸ್ವಾಮ್ಯದ ದುರ್ಬಳಕೆ ಅಂತ ಸ್ಪರ್ಧಾ ಆಯೋಗಕ್ಕೆ, ಅಂದ್ರೆ ಸಿಸಿಐಗೆ ಹೋದ್ರು. 2013ರ ಮೇ ತಿಂಗಳಲ್ಲಿ ಆಯೋಗ ಕಾನೂನು ಉಲ್ಲಂಘನೆ ಆಗಿಲ್ಲ ಅಂದ್ಬಿಡ್ತು. ಅಷ್ಟೊತ್ತಿಗೆ ಹಾಕಿ ಇಂಡಿಯಾ ತನ್ನದೇ ಲೀಗ್ ಶುರು ಮಾಡಿ ಮೊದಲ ಸೀಸನ್ ಮುಗಿಸಿತ್ತು, ವರ್ಲ್ಡ್ ಸೀರೀಸ್‌ನ ಎರಡನೇ ಸೀಸನ್ ಬರ್ಲೇ ಇಲ್ಲ. ಬಾಬಿ ಹಲ್‌ಗೂ ಇದೇ ಆಗಿತ್ತು, ಆಮೇಲೆ ಕೋರ್ಟಲ್ಲಿ ಅವನ ಕಡೆ ಗೆದ್ರೂ, ಅದಕ್ಕೆ ಮುಂಚೆ 1972ರ ಸೆಪ್ಟೆಂಬರ್‌ನಲ್ಲಿ ನಡೆದ ಸೋವಿಯತ್ ವಿರುದ್ಧದ ಸರಣಿಗೆ ಕೆನಡಾ ಟೀಮಲ್ಲಿ ಜಾಗ ಸಿಗಲಿಲ್ಲ. ಹಾಗಾಗಿ ಇಂಡಿಯಾ ಕ್ಯಾಂಪ್ ಆಸೆ ಇರೋ ಹುಡುಗ ಹೊಸ ಲೀಗ್‌ಗೆ ಮಾನ್ಯತೆ ಇದ್ಯಾ ಅಂತ ರಾಜ್ಯದ ಸಂಸ್ಥೆ ಹಾಕಿ ಕರ್ನಾಟಕದಲ್ಲಿ ಬರವಣಿಗೇಲಿ ಕೇಳ್ಬೇಕು, ಎನ್‌ಒಸಿ, ಅಂದ್ರೆ ನಮ್ಮ ಅಭ್ಯಂತರ ಇಲ್ಲ ಅನ್ನೋ ಪತ್ರ ಬೇಕಾದ್ರೆ ಕಾಪಿ ಕೈಗೆ ಬರೋವರೆಗೂ ಬಸ್ ಹತ್ಬಾರ್ದು. "ಎನ್‌ಒಸಿ ನಾವು ನೋಡ್ಕೋತೀವಿ" ಅನ್ನೋ ಏಜೆಂಟ್ ಸಿಕ್ರೆ ನಮಸ್ಕಾರ ಹಾಕಿ ಕಳ್ಸಿ.

ಆರನೇದು, ಈಗ ಹೊಸ ಅಗ್ರಿಮೆಂಟ್. ಹಳೇದು ಮುಗಿದ ಕಾಗದ ಕೈಲಿದ್ರೆ ಮಾತ್ರ ಸೈನ್. ಅವ್ರು ಅರ್ಜೆಂಟ್ ಮಾಡಿದ್ರೆ ಎರಡು ಸಾಲು ಸೇರಿಸಿ ಅನ್ನಿ: ಹಳೇ ಟೀಮಿಂದ ಬಿಡುಗಡೆ ಆದ ದಿನದಿಂದ ಇದು ಜಾರಿ, ಹಳೇ ಟೀಮು ಕೇಸ್ ಹಾಕಿದ್ರೆ ಖರ್ಚು ಹೊಸಬ್ರದ್ದು. ಸೇರಿಸಲ್ಲ ಅಂದ್ರೆ ಅವ್ರಿಗೆ ನಿಮ್ಮ ಕಷ್ಟ ಬೇಡ, ಆಟ ಮಾತ್ರ ಬೇಕು ಅಂತ ಅರ್ಥ. ದೊಡ್ಡ ಅಂಕಿಗೆ ಮರುಳಾಗ್ಬೇಡಿ. ಡೆರೆಕ್ ಸ್ಯಾಂಡರ್ಸನ್ 1972ರಲ್ಲಿ ಡಬ್ಲ್ಯುಎಚ್‌ಎಗೆ ಹೋದಾಗ ಕಾಗದದ ಮೇಲೆ 26.5 ಲಕ್ಷ ಡಾಲರ್, ಎಂಟೇ ಮ್ಯಾಚ್ ಆಡ್ಸಿ ದುಡ್ಡು ಕೊಟ್ಟು ಲೆಕ್ಕ ಚುಕ್ತಾ ಮಾಡಿದ್ರು. ಬಾಬಿ ಹಲ್ ಬುದ್ಧಿವಂತ, ಹತ್ತು ಲಕ್ಷ ಡಾಲರ್ ಸೈನ್ ಮಾಡೋವಾಗ್ಲೇ ಅಂತ ಕೂತ, ಅದನ್ನ ಹೊಂದಿಸೋಕೆ ಲೀಗಿನ ಬೇರೆ ಟೀಮ್‌ಗಳೂ ಕೈ ಹಾಕಿದ್ವು. ನಮ್ಮ ಲೆವೆಲ್‌ಗೆ 30 ಸಾವಿರ ಆದ್ರೂ ಸರಿ, ಮೊದಲ ಕಂತು ಬ್ಯಾಂಕ್ ಅಕೌಂಟಿಗೆ, ಕ್ಯಾಶ್ ಬೇಡ. ಆನ್‌ಲೈನಲ್ಲಿ ಸಿಗೋ ರೆಡಿಮೇಡ್ "ಪ್ಲೇಯರ್ ಅಗ್ರಿಮೆಂಟ್" ಟೆಂಪ್ಲೇಟ್‌ಗಳಿಗೆ ದುಡ್ಡು ಕೊಡ್ಬೇಡಿ. ಮದ್ದೂರಿಂದ ಬಂದ ಹುಡುಗಿ ತಂದಿದ್ದ ಒಂದರಲ್ಲಿ ಗಾಯ ಆದ್ರೆ ಯಾರ ಖರ್ಚು ಅನ್ನೋದೇ ಇರಲಿಲ್ಲ, ಹುಡುಕಿದ್ರೆ ಯಾವ್ದೋ ದೇಶದ ಫುಟ್ಬಾಲ್ ಕ್ಲಬ್ ಹೆಸರು ಅಳಿಸೋದನ್ನೂ ಮರ್ತಿದ್ರು.

ಜೊತೆಗೆ ಪಂಚಾಯ್ತಿ ಎಲ್ಲಿ ಅಂತ ನೋಡಿ. ಆರ್ಬಿಟ್ರೇಶನ್ ದೆಹಲೀಲಿ ಅಂತ ಹಾಕಿರ್ತಾರೆ, ಮೈಸೂರಿಂದ ನೀವು ಪ್ರತಿ ಸಲ ಓಡಾಡ್ಬೇಕಾ? ಬೆಂಗಳೂರು ಮಾಡಿಸಿ. ಆರ್ಬಿಟ್ರೇಟರನ್ನ ಟೀಮೇ ಒಬ್ಬರೇ ನೇಮಿಸೋದು ಅಂತಿದ್ರೆ ಒಪ್ಪಬೇಡಿ, ಒಪ್ಪಿಬಿಟ್ಟಿದ್ರೂ ಗಾಬರಿ ಬೇಡ, ಫಲಿತಾಂಶದಲ್ಲಿ ಪಾಲು ಇರೋರೇ ತೀರ್ಪುಗಾರನ್ನ ಆರಿಸ್ಬಾರ್ದು ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ.

ಕೊನೇದು ಹಳೇ ಬಾಕಿ. ಬಿಡುಗಡೆ ಪತ್ರದಲ್ಲಿ "ಎಲ್ಲಾ ಲೆಕ್ಕ ಚುಕ್ತಾ" ಅನ್ನೋ ಸಾಲು ಸೇರಿಸಿ ಕೊಡ್ತಾರೆ, ಬಾಕಿ ಬಂದಿಲ್ಲ ಅಂದ್ರೆ ಅದನ್ನ ಹೊಡೆದುಹಾಕಿ, ಇಷ್ಟು ಬಾಕಿ ಇದೆ ಅಂತ ಬರೆಸಿ ಆಮೇಲೆ ಸೈನ್ ಹಾಕಿ. ಇನ್‌ಕಂ ಟ್ಯಾಕ್ಸ್ ಸೈಟಲ್ಲಿ 26ಎಎಸ್ ಅನ್ನೋ ತೆರಿಗೆ ಲೆಕ್ಕದ ಪಟ್ಟಿ ತೆಗೆದು ನಿಮ್ಮ ಹೆಸರಲ್ಲಿ ಟಿಡಿಎಸ್, ಅಂದ್ರೆ ದುಡ್ಡು ಕೊಡೋವಾಗ ಹಿಡಿದ ತೆರಿಗೆ ಎಷ್ಟು ಕಟ್ಟಿದಾರೆ ನೋಡಿ, ಕೊಟ್ಟಿದೀವಿ ಅನ್ನೋರ ಬಾಯಿ ಮುಚ್ಚಿಸೋಕೆ ಒಳ್ಳೇ ಕಾಗದ ಅದು. ಆಮೇಲೆ ನೋಟಿಸ್, ಕಂಪನಿಯ ನೋಂದಾಯಿತ ವಿಳಾಸಕ್ಕೆ ಸ್ಪೀಡ್ ಪೋಸ್ಟು, ರಸೀದಿ ಫೈಲಿಗೆ. ದಾವೆ ಹಾಕೋಕೆ ಇರೋದು ಮೂರು ವರ್ಷ, ಮುಂದಿನ ಸೀಸನ್ ಆದ್ಮೇಲೆ ನೋಡೋಣ ಅಂತ ಎರಡು ಸೀಸನ್ ಕಳೆದು ಬಂದ್ರೆ ಉಳಿಯೋದು ಒಂದೇ ವರ್ಷ, ಅದರಲ್ಲೂ ಅಷ್ಟೊತ್ತಿಗೆ ಆ ಮ್ಯಾನೇಜರ್ ಫೋನ್ ನಂಬರ್ ಬದಲಾಗಿರುತ್ತೆ.